ಗರ್ನ್ಸಿ ಲಿಲಿಯ ತವರು

ಬೇಸಗೆಯ ಕೊನೆಯಲ್ಲಿ ಒಂದೆರಡು ಮಳೆ ಬಿದ್ದು ನೆಲ ತಣಿಯುತ್ತಲೇ ನಮ್ಮ ಊರುಗಳ ಅಂಗಳಗಳಲ್ಲಿ ಒಂದು ಸೋಜಿಗ ನಡೆಯುತ್ತದೆ. ಹಿಂದಿನ ವಾರ ಬರಿಯ ಮಣ್ಣಾಗಿದ್ದ ಎಡೆಯಲ್ಲಿ ದಪ್ಪನೆಯ ದಂಟೊಂದು ತಲೆಯೆತ್ತುತ್ತದೆ. ಅದರ ತುದಿಯಲ್ಲಿ ಚೆಂಡಿನ ಆಕಾರದ ಕೆಂಪು ಹೂಗೊಂಚಲೊಂದು ಅರಳುತ್ತದೆ. ಎಲೆಗಳು ಬಹುಮಟ್ಟಿಗೆ ಹೂವಿನ ಹಿಂದಿನಿಂದ ಬರತಕ್ಕವು. ಈ ಗಿಡ ಎಲ್ಲಿಯದೆಂದು ಮನೆಯವರನ್ನು ಕೇಳಿದರೆ, ‘ನಮ್ಮ ಅಜ್ಜಿಯ ಕಾಲದಿಂದಲೂ ಇಲ್ಲಿಯೇ ಇದೆ’ ಎಂಬ ಉತ್ತರ ದೊರೆಯುತ್ತದೆ. ಉತ್ತರ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಆ ಗೆಡ್ಡೆಯ ತವರು ಆಫ್ರಿಕ ಖಂಡ. ಎಂದೋ ಯಾರೋ ಹಡಗಿನಲ್ಲಿ ತಂದರು. ಕೈಯಿಂದ ಕೈಗೆ ದಾಟಿತು. ಕೊನೆಗೆ ಅಜ್ಜಿಯ ಆಸ್ತಿಯಾಯಿತು.

ಒಂದು ಗಿಡವು ತನ್ನ ತವರನ್ನು ಬಿಟ್ಟು ದೂರ ಹೋದಾಗ ಅದರ ಚರಿತ್ರೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದನ್ನು ಕೊಟ್ಟ ನೆಲವೋ, ಪಡೆದ ನೆಲವೋ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ನಮ್ಮ ಅಂಗಳದ ಆ ಕೆಂಪು ಚೆಂಡಿನ ದಾಯಾದಿಯಾದ ಇನ್ನೊಂದು ಹೂವಿನ ವೃತ್ತಾಂತವು ಬಹಳ ಅನುಕೂಲವಾಗಿದೆ. ಇಂಗ್ಲಿಷರು ಅದನ್ನು ಗರ್ನ್ಸಿ ಲಿಲಿ ಎಂದು ಕರೆಯುತ್ತಾರೆ. ಶಾಸ್ತ್ರದಲ್ಲಿ ಅದರ ಹೆಸರು ನೆರೀನ್ ಸಾರ್ನಿಯೆನ್ಸಿಸ್. ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕ ಅದರ ಚರಿತ್ರೆಯಲ್ಲಿ ಅದಕ್ಕೆ ಅನೇಕ ಹೆಸರುಗಳು ಬಂದವು. ಆ ಹೆಸರುಗಳಲ್ಲಿ ಒಂದಾದರೂ ಅದರ ತವರನ್ನು ಹೇಳುವುದಿಲ್ಲವೆಂಬುದೇ ಈ ಹೊತ್ತು ನಾವು ಶ್ರೋತೃಗಳ ಮುಂದೆ ಇಡಬೇಕೆಂದಿರುವ ವಿಷಯ.

ಮೊದಲು ಗಿಡವನ್ನೇ ನೋಡೋಣ. ಹೆಸರುಗಳು ದಾರಿ ತಪ್ಪಿಸಬಹುದು. ಗಿಡದ ಅಂಗಾಂಗಗಳು ಹಾಗೆ ಮಾಡಲಾರವು. ನೆಲದೊಳಗೆ ಈರುಳ್ಳಿಯಂತೆ ಪದರ ಪದರವಾದ ಗೆಡ್ಡೆ. ಹೊರಗೆ ಕಂದು ಬಣ್ಣದ ಒಣ ಸಿಪ್ಪೆ. ಅದರಿಂದ ಎಲೆಗಳಿಗಿಂತ ಮೊದಲು, ಇಲ್ಲವೆ ಎಲೆಗಳು ಆಗತಾನೆ ಮೊಳೆಯುತ್ತಿರುವಾಗ, ಹೂದಂಟು ಮೇಲಕ್ಕೆ ಬರುತ್ತದೆ. ಅದರ ಎತ್ತರ ಒಂದು ಅಡಿಯಿಂದ ಒಂದೂವರೆ ಅಡಿಯಷ್ಟು. ತುದಿಯಲ್ಲಿ ಎರಡು ಒಣ ಹೊದಿಕೆಗಳು ಬಿಚ್ಚಿಕೊಂಡರೆ, ಒಂದೇ ಬಿಂದುವಿನಿಂದ ಕೊಡೆಯ ಕಡ್ಡಿಗಳಂತೆ ಹೊರಟ ತೊಟ್ಟುಗಳ ಮೇಲೆ ಹತ್ತಾರು ಹೂಗಳು ಕಾಣುತ್ತವೆ. ಪ್ರತಿಯೊಂದು ಹೂವಿಗೂ ಆರು ಕಿರಿದಾದ ಎಸಳುಗಳು; ಅವು ಹಿಂದಕ್ಕೆ ಬಾಗಿ ಸುರುಳಿಗೊಳ್ಳುತ್ತವೆ. ಬಣ್ಣ ಕಡುಗೆಂಪು. ಬಿಸಿಲು ಬಿದ್ದಾಗ ಎಸಳಿನ ಮೈಯಲ್ಲಿ ಚಿನ್ನದ ಪುಡಿಯನ್ನು ಎರಚಿದಂತೆ ಕಿಡಿ ಮಿನುಗುತ್ತದೆ. ಆರು ಕೇಸರಗಳು ನೆಟ್ಟಗೆ, ಎಸಳುಗಳನ್ನು ಮೀರಿ ಹೊರಚಾಚಿರುತ್ತವೆ. ಅಂಡಾಶಯವು ಎಸಳುಗಳ ಬುಡಕ್ಕಿಂತ ಕೆಳಗೆ ಇದೆ; ಅದರೊಳಗೆ ಮೂರು ಕೋಣೆಗಳು.

ಈ ಕಡೆಯ ಲಕ್ಷಣವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ನಿಜವಾದ ಲಿಲಿಯಲ್ಲಿ ಅಂಡಾಶಯವು ಎಸಳುಗಳ ಬುಡಕ್ಕಿಂತ ಮೇಲೆ, ಹೂವಿನ ಒಳಗಡೆ ಇರುತ್ತದೆ. ಆದುದರಿಂದ ಗರ್ನ್ಸಿ ಲಿಲಿಯು ಲಿಲಿಯೇ ಅಲ್ಲ. ಅದು ಅಮರಿಲ್ಲಿಸ್ ಕುಟುಂಬಕ್ಕೆ ಸೇರಿದ್ದು. ನಮ್ಮ ಅಂಗಳದ ಕೆಂಪು ಚೆಂಡು, ಕುಂಡಗಳಲ್ಲಿ ಬೆಳೆಸುವ ತುತ್ತೂರಿಯಂಥ ದೊಡ್ಡ ಹೂಗಳ ಹಿಪ್ಪಿಯಾಸ್ಟ್ರಮ್, ಮಳೆ ಬಂದ ಮರುದಿನ ಹುಲ್ಲಿನ ನಡುವೆ ಅರಳುವ ಪುಟ್ಟ ಮಳೆಲಿಲಿ, ಇವೆಲ್ಲವೂ ಇದೇ ಕುಟುಂಬದವು. 2009ರಲ್ಲಿ ಸಸ್ಯಶಾಸ್ತ್ರಜ್ಞರು ವರ್ಗೀಕರಣವನ್ನು ಪರಿಷ್ಕರಿಸಿದಾಗ ಈರುಳ್ಳಿ ಬೆಳ್ಳುಳ್ಳಿಗಳನ್ನೂ ಈ ಕುಟುಂಬದ ಒಂದು ಶಾಖೆಯೆಂದು ಸೇರಿಸಿದರು. ಹಾಗೆಂದು ಯಾರೂ ಹೂವಿನ ಗೆಡ್ಡೆಯನ್ನು ಒಗ್ಗರಣೆಗೆ ಹಾಕಬಾರದು. ಅಮರಿಲ್ಲಿಸ್ ಶಾಖೆಯ ಗೆಡ್ಡೆಗಳಲ್ಲಿ ವಾಂತಿಯನ್ನು ಉಂಟುಮಾಡುವ ವಿಷವಸ್ತುಗಳುಂಟು. ಈರುಳ್ಳಿಯ ಶಾಖೆಯಲ್ಲಿ ಅವು ಇಲ್ಲ.

ಇನ್ನು ಚರಿತ್ರೆಗೆ ಬರೋಣ. 1634ನೆಯ ಅಕ್ಟೋಬರ್ ತಿಂಗಳಲ್ಲಿ ಪ್ಯಾರಿಸು ನಗರದ ಜ್ಯಾನ್ ಮೊರ್ಯಾ ಎಂಬ ತೋಟಗಾರನ ತೋಟದಲ್ಲಿ ಈ ಹೂವು ಅರಳಿತು. ಮರುವರ್ಷ, ಎಂದರೆ 1635ರಲ್ಲಿ, ಜಾಕ್ ಕಾರ್ನ್ಯು ಎಂಬ ವೈದ್ಯನು ಕೆನಡದ ಗಿಡಗಳನ್ನು ಕುರಿತು ಬರೆದ ತನ್ನ ಗ್ರಂಥದಲ್ಲಿ ಅದನ್ನೂ ವರ್ಣಿಸಿ, ‘ಕೆಂಪು ಹೂವಿನ ಜಪಾನಿನ ನಾರ್ಸಿಸಸ್’ ಎಂಬರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟನು. ಯೂರೋಪಿನ ಬರವಣಿಗೆಯಲ್ಲಿ ಈ ಗಿಡದ ಮೊದಲನೆಯ ಹೆಜ್ಜೆ ಇದು. ಆ ಮೊದಲ ಹೆಜ್ಜೆಯಲ್ಲಿಯೇ ಎರಡು ತಪ್ಪುಗಳು. ನಾರ್ಸಿಸಸ್ ಹೂವಿನ ನಡುವೆ ಬಟ್ಟಲಿನಂಥ ಒಂದು ಅಂಗವುಂಟು; ಈ ಹೂವಿನಲ್ಲಿ ಅದು ಇಲ್ಲ. ಜಪಾನಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಕಾರ್ನ್ಯುವನ್ನು ನಾವು ಹಳಿಯಬೇಕಾಗಿಲ್ಲ. ಪೂರ್ವದೇಶಗಳ ಸರಕನ್ನು ಹೊತ್ತು ಬರುವ ಹಡಗಿನಿಂದ ಇಳಿದ ಗೆಡ್ಡೆಯು ಪೂರ್ವದೇಶದ್ದೇ ಆಗಿರಬೇಕೆಂದು ಭಾವಿಸುವುದು ಸಹಜ. ಆ ಹಡಗು ದಾರಿಯಲ್ಲಿ ಎಲ್ಲೆಲ್ಲಿ ನಿಂತು ನೀರು ತುಂಬಿಕೊಂಡಿತೆಂದು ವಿಚಾರಿಸುವವರು ಅಪರೂಪ.

ಇದಾದ ಸುಮಾರು ನಲವತ್ತೈದು ವರ್ಷಗಳಿಗೆ ಕಥೆಯು ಹೊಸ ತಿರುವನ್ನು ಪಡೆಯಿತು. ಆಕ್ಸ್‌ಫರ್ಡಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ರಾಬರ್ಟ್ ಮಾರಿಸನ್ನನು 1680ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಬರೆದನು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ, ಫ್ರಾನ್ಸಿನ ಕರಾವಳಿಗೆ ಸಮೀಪವಾಗಿ, ಗರ್ನ್ಸಿ ಎಂಬ ಚಿಕ್ಕ ದ್ವೀಪವಿದೆ. ಜಪಾನಿನಿಂದ ಬರುತ್ತಿದ್ದ ಹಡಗೊಂದು ಆ ದ್ವೀಪದ ಬಳಿ ಒಡೆಯಿತಂತೆ. ಹಡಗಿನಲ್ಲಿದ್ದ ಗೆಡ್ಡೆಗಳನ್ನು ಅಲೆಗಳು ದಡಕ್ಕೆ ಎಸೆದುವಂತೆ. ಗಾಳಿ ತಂದ ಮರಳು ಅವುಗಳನ್ನು ಮುಚ್ಚಿತಂತೆ. ಕೆಲವು ವರ್ಷಗಳಾದ ಮೇಲೆ ಕಡಲತಡಿಯ ಮರಳಿನಿಂದ ಕೆಂಪು ಹೂಗಳು ಎದ್ದುವಂತೆ. ಅದನ್ನು ಕಂಡು ಬೆರಗಾದ ದ್ವೀಪದ ಗವರ್ನರನ ಮಗ ಹ್ಯಾಟನ್ ಎಂಬಾತನು ಗೆಡ್ಡೆಗಳನ್ನು ತನ್ನ ಸ್ನೇಹಿತರಾದ ತೋಟಗಾರರಿಗೆಲ್ಲ ಕಳುಹಿಸಿಕೊಟ್ಟನಂತೆ.

ಕಥೆ ಸೊಗಸಾಗಿದೆ. ಸೊಗಸಾದುದರಿಂದಲೇ ಅದು ಬಾಳಿತು. ಆದರೆ ಇತಿಹಾಸವನ್ನು ವಿಚಾರಿಸುವವರು ‘ಅಂತೆ’ಗಳನ್ನು ಎಣಿಸಿ, ಅವುಗಳ ಪಕ್ಕದಲ್ಲಿ ಇಸವಿಗಳನ್ನು ಇಟ್ಟು ನೋಡಬೇಕಾಗುತ್ತದೆ. ಹ್ಯಾಟನ್ ಮನೆತನದವರು ಗರ್ನ್ಸಿಗೆ ಗವರ್ನರರಾಗಿ ಬಂದದ್ದು 1660ರ ಈಚೆಗೆ, ಇಂಗ್ಲೆಂಡಿನಲ್ಲಿ ರಾಜಪ್ರಭುತ್ವವು ಪುನಃ ಸ್ಥಾಪಿತವಾದ ಮೇಲೆ. ಹೂವು ಪ್ಯಾರಿಸಿನಲ್ಲಿ ಅರಳಿದ್ದು 1634ರಲ್ಲಿ. ಆದುದರಿಂದ ಅದನ್ನು ಯೂರೋಪಿಗೆ ಪರಿಚಯ ಮಾಡಿಸಿದವನು ಗವರ್ನರನ ಮಗನೆಂಬ ಮಾತು ನಿಲ್ಲುವುದಿಲ್ಲ. ಅಷ್ಟೇ ಅಲ್ಲದೆ, ಕ್ರಾಮ್‌ವೆಲ್ಲನ ಸೇನಾಧಿಪತಿಗಳಲ್ಲಿ ಒಬ್ಬನಾದ ಜಾನ್ ಲ್ಯಾಂಬರ್ಟನು 1659ರಲ್ಲಿಯೇ ಲಂಡನ್ನಿಗೆ ಸಮೀಪದ ವಿಂಬಲ್ಡನ್ನಿನಲ್ಲಿದ್ದ ತನ್ನ ತೋಟದಲ್ಲಿ ಇದನ್ನು ಬೆಳೆಸಿದ್ದನೆಂದು ತೋಟಗಾರಿಕೆಯ ಇತಿಹಾಸಗಳು ಹೇಳುತ್ತವೆ. ವಿಧಿವಿಲಾಸವೆಂದರೆ, ರಾಜನು ಹಿಂದಿರುಗಿದ ಮೇಲೆ ಇದೇ ಲ್ಯಾಂಬರ್ಟನನ್ನು ಸೆರೆಯಾಳಾಗಿ ಅನೇಕ ವರ್ಷ ಇಟ್ಟಿದ್ದದ್ದು ಗರ್ನ್ಸಿ ದ್ವೀಪದಲ್ಲಿಯೇ. ಗೆಡ್ಡೆಗಳು ದ್ವೀಪಕ್ಕೆ ಬಂದದ್ದು ಅಲೆಗಳ ಕೈಯಿಂದಲ್ಲ, ಹೂವನ್ನು ಪ್ರೀತಿಸಿದ ಈ ಸೆರೆಯಾಳಿನ ಕೈಯಿಂದ ಎಂದು ಊಹಿಸುವವರೂ ಉಂಟು. ಅದು ಊಹೆ ಮಾತ್ರ. ಆದರೆ ಹಡಗೊಡೆದ ಕಥೆಗಿಂತ ಅದಕ್ಕೆ ಇಸವಿಗಳ ಬೆಂಬಲ ಹೆಚ್ಚು.

ಹೇಗೆ ಬಂದಿತೋ ಬಂದಿತು. ಗರ್ನ್ಸಿಯಲ್ಲಿ ಗೆಡ್ಡೆ ಚೆನ್ನಾಗಿ ಬೆಳೆಯಿತು. ಸುತ್ತಲೂ ಕಡಲಿರುವುದರಿಂದ ಅಲ್ಲಿ ಚಳಿಗಾಲದ ಕ್ರೌರ್ಯ ಕಡಮೆ. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ತೋಟಗಾರರು ಬೇಸಗೆಯಲ್ಲಿ ಗರ್ನ್ಸಿಯಿಂದ ಗೆಡ್ಡೆಗಳನ್ನು ತರಿಸಿಕೊಳ್ಳುತ್ತಿದ್ದರು. 1725ರಲ್ಲಿ ಜೇಮ್ಸ್ ಡಗ್ಲಸ್ ಎಂಬ ಪ್ರಸಿದ್ಧ ವೈದ್ಯನು ಈ ಒಂದು ಹೂವಿಗೇ ಒಂದು ಗ್ರಂಥವನ್ನು ಮೀಸಲಿಟ್ಟನು. ಈತನು ಮನುಷ್ಯದೇಹದ ಅಂಗರಚನೆಯನ್ನು ಶೋಧಿಸಿದವನು. ದೇಹದೊಳಗಿನ ಒಂದು ಭಾಗಕ್ಕೆ ಈಗಲೂ ಅವನ ಹೆಸರೇ ಇದೆ. ಶರೀರವನ್ನು ಪರೀಕ್ಷಿಸುವ ಅದೇ ಶ್ರದ್ಧೆಯಿಂದ ಅವನು ಹೂವನ್ನೂ ಪರೀಕ್ಷಿಸಿದನು. ನಮ್ಮ ಚಿಕ್ಕಮಗಳೂರು ಕೊಡಗುಗಳ ಶ್ರೋತೃಗಳಿಗೆ ಇನ್ನೊಂದು ವಿಷಯ ರುಚಿಸಬಹುದು: ಅದೇ ಪುಸ್ತಕದ ಕೊನೆಯಲ್ಲಿ ಕಾಫಿಯ ಹಣ್ಣನ್ನು ಬಿಡಿಸಿ ನೋಡಿದ ವರ್ಣನೆಯನ್ನೂ ಅವನು ಸೇರಿಸಿದ್ದಾನೆ. ಗರ್ನ್ಸಿ ದ್ವೀಪಕ್ಕೆ ಲ್ಯಾಟಿನ್ನಿನಲ್ಲಿ ಸಾರ್ನಿಯ ಎಂದು ಹೆಸರು. ಡಗ್ಲಸ್ಸನು ತನ್ನ ಗ್ರಂಥಕ್ಕೆ ‘ಸಾರ್ನಿಯದ ಲಿಲಿ’ ಎಂಬರ್ಥದ ಹೆಸರಿಟ್ಟನು. 1753ರಲ್ಲಿ ಲಿನ್ನೇಯಸ್ ಪಂಡಿತನು ಸಸ್ಯಗಳಿಗೆಲ್ಲ ಎರಡೆರಡು ಪದಗಳ ಹೆಸರಿಡುವಾಗ ಇದನ್ನು ಅಮರಿಲ್ಲಿಸ್ ಸಾರ್ನಿಯೆನ್ಸಿಸ್ ಎಂದು ಕರೆದನು. ಹೀಗೆ ಒಂದು ದಂತಕಥೆಯು ಶಾಸ್ತ್ರದ ಹೆಸರಿನಲ್ಲಿ ಶಾಶ್ವತವಾಗಿ ನೆಲಸಿತು.

ಹೆಸರಿನ ತಪ್ಪಿನಿಂದ ಯಾರಿಗೇನು ನಷ್ಟವೆಂದು ಕೆಲವರು ಕೇಳಬಹುದು. ನಷ್ಟವಾದದ್ದು ತೋಟಗಾರನಿಗೆ ಮತ್ತು ಗಿಡಕ್ಕೆ. ಈ ಗೆಡ್ಡೆಯ ಎಲೆಗಳು ಹೂವಿನ ತರುವಾಯ ಬಂದು ಚಳಿಗಾಲವೆಲ್ಲ ಹಸುರಾಗಿರುತ್ತವೆ. ವಸಂತದ ಕೊನೆಗೆ ಒಣಗುತ್ತವೆ. ಬೇಸಗೆಯಲ್ಲಿ ಗೆಡ್ಡೆಯು ಒಣನೆಲದಲ್ಲಿ ನಿದ್ರಿಸಬೇಕು. ಎಲೆಗಳು ಚಳಿಗಾಲದಲ್ಲಿ ಕೂಡಿಡುವ ಆಹಾರದಿಂದಲೇ ಮುಂದಿನ ವರ್ಷದ ಹೂವು. ಜಪಾನಿನ ಬೇಸಗೆ ಮಳೆಯ ಕಾಲ. ಇಂಗ್ಲೆಂಡಿನ ಚಳಿಗಾಲ ಹೆಪ್ಪುಗಟ್ಟುವ ಕಾಲ. ಬೇಸಗೆಯಲ್ಲಿ ನೀರೆರೆದರೆ ನಿದ್ರಿಸುವ ಗೆಡ್ಡೆ ಕೊಳೆಯುತ್ತದೆ. ಚಳಿಗಾಲದಲ್ಲಿ ಬಯಲಿನಲ್ಲಿ ಬಿಟ್ಟರೆ ಎಲೆಗಳು ಹಿಮಕ್ಕೆ ಸಿಕ್ಕಿ ಸಾಯುತ್ತವೆ. ತವರು ತಿಳಿಯದೆ ಆರೈಕೆ ತಿಳಿಯದು. ಚಳಿಗಾಲದಲ್ಲಿ ಮಳೆ, ಬೇಸಗೆಯಲ್ಲಿ ಬರ, ಎಂದಿಗೂ ಕಠಿನವಲ್ಲದ ಹಿಮ: ಇಂಥ ಒಂದು ನಾಡನ್ನು ಗಿಡವು ತನ್ನ ನಡೆವಳಿಕೆಯಿಂದಲೇ ವರ್ಷವರ್ಷವೂ ಹೇಳುತ್ತಿತ್ತು. ಕೇಳುವವರಿರಲಿಲ್ಲ.

ಆ ನಾಡು ಆಫ್ರಿಕ ಖಂಡದ ದಕ್ಷಿಣದ ತುದಿ. ಗುಡ್ ಹೋಪ್ ಭೂಶಿರಕ್ಕೆ ಸಮೀಪವಾಗಿ, ಮೇಜಿನಂತೆ ಚಪ್ಪಟೆಯಾದ ನೆತ್ತಿಯುಳ್ಳ ಟೇಬಲ್ ಪರ್ವತವು ಕಡಲಿನ ಅಂಚಿನಲ್ಲಿ 1,086 ಮೀಟರು ಎತ್ತರಕ್ಕೆ ನಿಂತಿದೆ. ಇಂಗ್ಲೆಂಡಿನ ಕ್ಯೂ ರಾಜೋದ್ಯಾನದಿಂದ ಗಿಡಗಳನ್ನು ಸಂಗ್ರಹಿಸುವುದಕ್ಕಾಗಿ ಫ್ರಾನ್ಸಿಸ್ ಮ್ಯಾಸನ್ ಎಂಬ ತೋಟಗಾರನು 1772ರಲ್ಲಿ, ಕ್ಯಾಪ್ಟನ್ ಕುಕ್ಕನ ಹಡಗಿನಲ್ಲಿ, ಅಲ್ಲಿಗೆ ಬಂದಿಳಿದನು. 1775ರವರೆಗೆ ಅವನು ಅಲ್ಲಿದ್ದನು. ಗರ್ನ್ಸಿಯದೆಂದು ಲಂಡನ್ನಿನವರು ನಂಬಿದ್ದ ಹೂವು ಆ ಪರ್ವತದ ಬಂಡೆಗಳ ಸಂದುಗಳಲ್ಲಿ ತಾನೇತಾನಾಗಿ ಬೆಳೆದಿರುವುದನ್ನು ಅವನು ಕಂಡನು. ಪ್ಯಾರಿಸಿನಲ್ಲಿ ಮೊದಲು ಅರಳಿದಂದಿನಿಂದ ಈ ಹೊತ್ತಿಗೆ ಸುಮಾರು ನೂರನಲವತ್ತು ವರ್ಷಗಳು ಕಳೆದಿದ್ದುವು.

ಆ ಪರ್ವತದ ಕೆಳಗಿನ ಕೊಲ್ಲಿಯಲ್ಲಿ ಡಚ್ಚರು ವಸಾಹತನ್ನು ಹೂಡಿದ್ದು 1652ರಲ್ಲಿ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ, ಪೂರ್ವದೇಶಗಳಿಗೆ ಹೋಗಿಬರುವ ಹಡಗುಗಳು ಸಿಹಿನೀರಿಗಾಗಿ ಅಲ್ಲಿ ಲಂಗರು ಹಾಕುತ್ತಿದ್ದುವು. ಆ ನಾಡಿನಲ್ಲಿ ಮಾರ್ಚಿಯಿಂದ ಮೇವರೆಗೆ ಶರತ್ಕಾಲ. ನಮ್ಮ ಹೂವು ಅರಳುವ ಕಾಲವೂ ಅದೇ. ತಿಂಗಳುಗಟ್ಟಲೆ ನೀಲಿಯ ಹೊರತು ಬೇರೆ ಬಣ್ಣವನ್ನು ಕಾಣದ ನಾವಿಕನು ಬಂಡೆಗಳ ನಡುವೆ ಈ ಕೆಂಪನ್ನು ಕಂಡರೆ ಒಂದೆರಡು ಗೆಡ್ಡೆಗಳನ್ನು ಅಗೆದು ಚೀಲಕ್ಕೆ ಹಾಕಿಕೊಳ್ಳುವುದರಲ್ಲಿ ಆಶ್ಚರ್ಯವೇನು? ಗೆಡ್ಡೆಯಾಗಿಯೇ ಬಂದಿರಬೇಕು, ಬೀಜವಾಗಿ ಅಲ್ಲ. ಏಕೆಂದರೆ ಈ ಗಿಡದ ಬೀಜವು ಒಣಗಿಸಿ ಇಡತಕ್ಕದ್ದಲ್ಲ. ಹಸಿಯಾದ ಹಸುರು ಮಣಿಯಂತಿದ್ದು, ನೆಲಕ್ಕೆ ಬಿದ್ದ ಕೂಡಲೇ ಮೊಳೆಯತೊಡಗುತ್ತದೆ. ತಿಂಗಳುಗಳ ಕಡಲಯಾನವನ್ನು ಅದು ತಾಳದು. ಒಣನೆಲದಲ್ಲಿ ನಿದ್ರಿಸಿ ಅಭ್ಯಾಸವಾದ ಗೆಡ್ಡೆಯಾದರೋ ತಾಳಬಲ್ಲುದು. ಇನ್ನೂ ಒಂದು ವಿಶೇಷ: ಭೂಗೋಳದ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಬಂದ ಗೆಡ್ಡೆಯು ತಿಂಗಳನ್ನು ಬದಲಾಯಿಸಿಕೊಂಡಿತು, ಋತುವನ್ನು ಬಿಡಲಿಲ್ಲ. ಅಲ್ಲಿ ಏಪ್ರಿಲ್, ಇಲ್ಲಿ ಅಕ್ಟೋಬರ್. ಎರಡೂ ಕಡೆ ಶರತ್ಕಾಲವೇ.

ಹಾಗಾದರೆ ಜಪಾನಿನ ಮಾತು ಹೇಗೆ ಇಷ್ಟು ಕಾಲ ಉಳಿಯಿತು? ಅದಕ್ಕೂ ಕಾರಣವುಂಟು. ಜಪಾನಿನಲ್ಲಿ ಇದನ್ನು ಬಹಳ ಹೋಲುವ ಬೇರೊಂದು ಹೂವಿದೆ. ಲೈಕೋರಿಸ್ ರೇಡಿಯೇಟ ಎಂದು ಅದರ ಹೆಸರು. ಅದೂ ಅಮರಿಲ್ಲಿಸ್ ಕುಟುಂಬದ್ದೇ. ಶರತ್ಕಾಲದಲ್ಲಿ ಹಗಲಿರುಳು ಸಮವಾಗುವ ದಿನಗಳ ಸುಮಾರಿಗೆ, ಬತ್ತದ ಗದ್ದೆಗಳ ಬದುಗಳಲ್ಲಿಯೂ ಸಮಾಧಿಗಳ ಬಳಿಯಲ್ಲಿಯೂ ಎಲೆಯಿಲ್ಲದ ದಂಟಿನ ಮೇಲೆ ಅದು ಕೆಂಪಾಗಿ ಅರಳುತ್ತದೆ. ಸ್ವೀಡನ್ ದೇಶದ ತುನ್‌ಬರ್ಗ್ ಎಂಬ ಪಂಡಿತನು ದಕ್ಷಿಣ ಆಫ್ರಿಕದಲ್ಲಿ ಮ್ಯಾಸನ್ನನೊಡನೆ ಸಂಚರಿಸಿದವನು. ಅಲ್ಲಿಂದ 1775ರಲ್ಲಿ ಜಪಾನಿಗೆ ಹೋದವನು. ಎರಡು ನಾಡುಗಳನ್ನೂ ಕಣ್ಣಾರೆ ಕಂಡ ಆತನೂ 1784ರ ತನ್ನ ಜಪಾನಿನ ಸಸ್ಯಗ್ರಂಥದಲ್ಲಿ ಗರ್ನ್ಸಿಯ ಹೂವಿನ ಹೆಸರನ್ನೇ ಬರೆದನು. ನೂರೈವತ್ತು ವರ್ಷ ಕೇಳಿದ ಮಾತು ಕಣ್ಣಿನ ಮೇಲೂ ಪೊರೆಯನ್ನು ಹಾಸಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಭೇದವನ್ನು ಹೇಳುವ ಸಾಕ್ಷಿ ಬೀಜದಲ್ಲಿದೆ. ಲೈಕೋರಿಸ್ ಜಾತಿಯ ಬೀಜ ಕಪ್ಪಗೆ ಗಟ್ಟಿಯಾದದ್ದು. ನೆರೀನಿನದು ಹಸುರಾಗಿ ಮಾಂಸಲವಾದದ್ದು.

1820ರಲ್ಲಿ ವಿಲಿಯಂ ಹರ್ಬರ್ಟ್ ಎಂಬ ಪಾದ್ರಿಯು ಈ ಗಿಡವನ್ನು ಅಮರಿಲ್ಲಿಸ್ ಜಾತಿಯಿಂದ ಬೇರ್ಪಡಿಸಿ ಹೊಸ ಜಾತಿಯೊಂದನ್ನು ಸ್ಥಾಪಿಸಿದನು. ಈ ಕುಟುಂಬದ ಗಿಡಗಳನ್ನು ಅವನಷ್ಟು ಆಳವಾಗಿ ಅಭ್ಯಾಸ ಮಾಡಿದವರು ಆ ಕಾಲದಲ್ಲಿ ಇರಲಿಲ್ಲ. 1837ರಲ್ಲಿ ಅವನು ಪ್ರಕಟಿಸಿದ ದೊಡ್ಡ ಗ್ರಂಥಕ್ಕೆ ಕುಟುಂಬದ ಹೆಸರೇ ಹೆಸರು. ಗಿಡವು ಆಫ್ರಿಕದ್ದೆಂಬುದು ಆ ವೇಳೆಗೆ ತಿಳಿದಿದ್ದಿತು. ಆದರೂ ಹೊಸ ಜಾತಿಗೆ ಅವನು ಆರಿಸಿಕೊಂಡ ಹೆಸರು ನೆರೀನ್. ಎಂದರೆ ಗ್ರೀಕರ ಪುರಾಣದ ಸಮುದ್ರಕನ್ಯೆ. ಹಡಗೊಡೆದ ಗೆಡ್ಡೆಗಳನ್ನು ಕಡಲು ಕಾಪಾಡಿ ದಡ ಮುಟ್ಟಿಸಿತೆಂಬ ಹಳೆಯ ಕಥೆಗೆ ಅದು ಕಾಣಿಕೆ. ನಿಜ ತಿಳಿದ ಮೇಲೂ ಕಥೆಯನ್ನು ಬಿಟ್ಟುಕೊಡುವುದು ಎಷ್ಟು ಕಷ್ಟ! ತಪ್ಪುಗಳ ಸಾಲು ಇಲ್ಲಿಗೂ ಮುಗಿಯಲಿಲ್ಲ. ಗರ್ನ್ಸಿಯ ನೆರೆಯ ದ್ವೀಪ ಜರ್ಸಿ. 1878ರಲ್ಲಿ ಮಿಲೇ ಎಂಬ ಚಿತ್ರಕಾರನು ಆ ದ್ವೀಪದ ಸುಂದರಿಯಾದ ಲಿಲಿ ಲ್ಯಾಂಗ್ಟ್ರಿಯ ಚಿತ್ರವನ್ನು ಬರೆದು ‘ಜರ್ಸಿಯ ಲಿಲಿ’ ಎಂದು ಹೆಸರಿಟ್ಟನು. ಆಕೆಯ ಕೈಯಲ್ಲಿರುವುದು ಜರ್ಸಿಯ ಹೂವಲ್ಲ, ಗರ್ನ್ಸಿ ಲಿಲಿಯೆಂದು ಬಲ್ಲವರು ಹೇಳುತ್ತಾರೆ.

ತವರಿನಲ್ಲಿ ಈ ಹೂವಿಗೆ ಒಬ್ಬ ಅತಿಥಿಯಿದ್ದಾನೆ. ಕಂದು ಬಣ್ಣದ ದೊಡ್ಡ ಚಿಟ್ಟೆ ಅದು. ಬೇಸಗೆಯ ಕೊನೆಯಲ್ಲಿಯೂ ಶರತ್ಕಾಲದಲ್ಲಿಯೂ ಬೆಟ್ಟದ ಕೆಂಪು ಹೂಗಳನ್ನೇ ಹುಡುಕಿಕೊಂಡು ಹಾರಾಡುತ್ತದೆ. ನೆರೀನಿನ ಎಸಳುಗಳು ಹಿಂದಕ್ಕೆ ಸರಿದು ಕೇಸರಗಳು ಮುಂದಕ್ಕೆ ನಿಂತಿರುವುದರಿಂದ, ಮಧುವನ್ನು ಹೀರಲು ಬಂದ ಚಿಟ್ಟೆಯ ಮೈರೆಕ್ಕೆಗಳಿಗೆ ಪರಾಗವು ಅಂಟಿ ಇನ್ನೊಂದು ಹೂವಿಗೆ ಸಾಗುತ್ತದೆ. ಆ ಚಿಟ್ಟೆ ಗರ್ನ್ಸಿಯಲ್ಲಿಲ್ಲ, ಜಪಾನಿನಲ್ಲಿಯೂ ಇಲ್ಲ. ಪ್ಯಾರಿಸಿನ ತೋಟದಲ್ಲಿ, ಲಂಡನ್ನಿನ ಗಾಜಿನ ಮನೆಯಲ್ಲಿ, ಹೂವು ತನ್ನ ಕೇಸರಗಳನ್ನು ಚಾಚಿ ಕಾದದ್ದು ಎಂದಿಗೂ ಬಾರದ ಈ ಅತಿಥಿಗಾಗಿಯೇ. ಶಾಸ್ತ್ರಜ್ಞರು ಪತ್ರಗಳಲ್ಲಿ ಹುಡುಕುತ್ತಿದ್ದ ವಿಳಾಸವು ಹೂವಿನ ಆಕಾರದಲ್ಲಿಯೇ ಬರೆದಿತ್ತು.

ಈಗ ಹೆಸರುಗಳನ್ನು ಒಟ್ಟುಗೂಡಿಸಿ ನೋಡೋಣ. ಜಪಾನಿನ ನಾರ್ಸಿಸಸ್: ಅದು ಜಪಾನಿನದಲ್ಲ, ನಾರ್ಸಿಸಸ್ಸೂ ಅಲ್ಲ. ಗರ್ನ್ಸಿ ಲಿಲಿ: ಅದು ಗರ್ನ್ಸಿಯದಲ್ಲ, ಲಿಲಿಯೂ ಅಲ್ಲ. ನೆರೀನ್: ಅದು ಕಡಲಿನ ಮಗಳಲ್ಲ, ಬಂಡೆಯ ಮಗಳು. ಹೆಸರಿಟ್ಟವರು ಯಾರೂ ಮೋಸಗಾರರಲ್ಲ, ಬಹುಮಂದಿ ಮಹಾಪಂಡಿತರು. ಆದರೆ ಅವರೆಲ್ಲರೂ ಹೂವು ತಮ್ಮ ಕೈಗೆ ಹೇಗೆ ಬಂದಿತೆಂಬುದನ್ನು ಬರೆದರೇ ಹೊರತು, ಅದು ಯಾರ ನೆಲದಿಂದ ಹೊರಟಿತೆಂಬುದನ್ನು ಬರೆಯಲಿಲ್ಲ. ಟೇಬಲ್ ಪರ್ವತದ ತಪ್ಪಲಿನಲ್ಲಿ ಡಚ್ಚರಿಗಿಂತ ಬಹುಕಾಲ ಮೊದಲಿನಿಂದ ದನಕುರಿಗಳನ್ನು ಮೇಯಿಸಿಕೊಂಡಿದ್ದ ಖೋಯಿಖೋಯಿ ಎಂಬ ಜನರಿದ್ದರು. ಪ್ರತಿ ಶರತ್ಕಾಲದಲ್ಲಿಯೂ ಆ ಕೆಂಪು ಅವರ ಕಣ್ಣೆದುರಿನಲ್ಲಿಯೇ ಅರಳುತ್ತಿತ್ತು. ಈ ಹೂವಿನ ಹೆಸರುಗಳಲ್ಲಿ ಗ್ರೀಕ್ ಉಂಟು, ಲ್ಯಾಟಿನ್ ಉಂಟು, ಇಂಗ್ಲಿಷು ಉಂಟು. ಖೋಯಿಖೋಯಿಗಳ ಮಾತಿನ ಒಂದು ಅಕ್ಷರವೂ ಇಲ್ಲ.

ಗರ್ನ್ಸಿಯವರು ಈ ಹೂವನ್ನು ತಮ್ಮ ದ್ವೀಪದ ಲಾಂಛನವೆಂದು ಪ್ರೀತಿಯಿಂದ ಕಾಣುತ್ತಾರೆ. ಅದನ್ನು ಅವರಿಂದ ಕಿತ್ತುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಮುನ್ನೂರು ವರ್ಷ ನೀರೆರೆದು ಸಾಕಿದವರಿಗೂ ಹಕ್ಕುಂಟು. ಸೊಸೆ ಬಂದ ಮನೆಯ ಹೆಸರಿನಿಂದಲೇ ಕರೆಯಿಸಿಕೊಳ್ಳುವುದು ಲೋಕರೂಢಿ. ಆದರೆ ಸೊಸೆಗೆ ತವರಿಲ್ಲವೆಂದು ಹೇಳುವ ಮನೆ ಒಳ್ಳೆಯ ಮನೆಯಲ್ಲ. ಮುಂದಿನ ಬೇಸಗೆಯ ಕೊನೆಗೆ ನಮ್ಮ ಅಂಗಳದಲ್ಲಿ ಕೆಂಪು ಚೆಂಡು ಅರಳಿದಾಗ, ಅದು ಎಲ್ಲಿಯದೆಂದು ಮನೆಯ ಮಕ್ಕಳು ಕೇಳಿದರೆ, ಅಜ್ಜಿಯ ಹೆಸರನ್ನು ಹೇಳೋಣ; ಅದರ ಜೊತೆಗೆ ಆಫ್ರಿಕದ ಹೆಸರನ್ನೂ ಹೇಳೋಣ.